ಏಳು ದೊಡ್ಡದೋ ಚಿಕ್ಕದೋ?

ಏಳು ದೊಡ್ಡ ಅಂಕಿಯೋ ಚಿಕ್ಕದೋ ಎಂದು ಯಾರಾದರೂ ಕೇಳಿದರೆ, ‘ಯಾವುದರ ಮುಂದೆ?’ ಎಂದು ನಾವು ತಿರುಗಿ ಕೇಳುತ್ತೇವೆ. ನಿಂಟೆಂಡೊ ಕಂಪನಿ 1980ರಲ್ಲಿ ಹೊರತಂದ ‘ಜಡ್ಜ್’ ಎಂಬ ಅಂಗೈಯಗಲದ ಆಟ ನಿಂತಿರುವುದೇ ಈ ಮರುಪ್ರಶ್ನೆಯ ಮೇಲೆ. ಆದರೆ ಅಲ್ಲಿ ಅದನ್ನು ಕೇಳಿಕೊಳ್ಳುವಷ್ಟು ಪುರುಸೊತ್ತು ಇರುವುದಿಲ್ಲ.

ಆಟದ ನಿಯಮ ಸರಳ. ಎಲ್‌ಸಿಡಿ ಪರದೆಯ ಮೇಲೆ ಇಬ್ಬರು ಕಪ್ಪು ಗೊಂಬೆಮನುಷ್ಯರು. ಇಬ್ಬರ ಬಳಿಯೂ ಒಂದೊಂದು ಸುತ್ತಿಗೆ, ಒಂದೊಂದು ಅಂಕಿಯ ಫಲಕ. ಫಲಕಗಳು ಮೇಲೆದ್ದ ಕೂಡಲೇ ದೊಡ್ಡ ಅಂಕಿ ಬಂದವನು ಹೊಡೆಯಬೇಕು, ಚಿಕ್ಕದು ಬಂದವನು ತಪ್ಪಿಸಿಕೊಳ್ಳಬೇಕು. ಒಬ್ಬರೇ ಇದ್ದರೆ ಯಂತ್ರದೊಡನೆ ಆಡಬಹುದು. ಇಬ್ಬರಿದ್ದರೆ ಅದೇ ಪುಟ್ಟ ಯಂತ್ರವನ್ನು ಹಂಚಿಕೊಳ್ಳಬೇಕು. ಜಪಾನಿನಲ್ಲಿ ಕಲ್ಲು-ಕತ್ತರಿ-ಕಾಗದ ಆಡಿ, ಗೆದ್ದವರು ಆಟಿಕೆ ಸುತ್ತಿಗೆಯಿಂದ ಹೊಡೆಯುವ, ಸೋತವರು ತಲೆಗೆ ಏನಾದರೂ ಅಡ್ಡ ಹಿಡಿಯುವ ಆಟವೊಂದಿದೆ. ‘ಜಡ್ಜ್’ ಅದರ ಹತ್ತಿರದ ನೆಂಟನಂತೆ ಕಾಣುತ್ತದೆ.

ಇದು ‘ಗೇಮ್ ಅಂಡ್ ವಾಚ್’ ಸರಣಿಯ ಐದನೆಯ ಆಟ. ಸರಣಿಯನ್ನು ರೂಪಿಸಿದವರು ಗುನ್‌ಪೆಯ್ ಯೊಕೊಯ್. ರೈಲಿನಲ್ಲಿ ಹೊತ್ತು ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತಿದ್ದವನನ್ನು ಕಂಡಾಗ ಈ ಯೋಚನೆ ಹೊಳೆಯಿತೆಂದು ಅವರು ಹೇಳಿಕೊಂಡಿದ್ದರು. ಬಳಸಿ ಬಳಸಿ ಅಗ್ಗವಾದ ತಂತ್ರಜ್ಞಾನಕ್ಕೆ ಹೊಸ ಕೆಲಸ ಹುಡುಕುವುದು ಅವರ ದಾರಿ. ಇಂಥ ಪರದೆಯಲ್ಲಿ ಚಿತ್ರ ಚಲಿಸುವುದಿಲ್ಲ. ಸುತ್ತಿಗೆ ಎತ್ತಿದ ಭಂಗಿ, ಬೀಸಿದ ಭಂಗಿ, ಓಡುವ ಭಂಗಿ ಎಲ್ಲವೂ ಮೊದಲೇ ಗಾಜಿನಲ್ಲಿ ರೂಪುಗೊಂಡಿರುತ್ತವೆ. ಸರದಿ ಬಂದದ್ದು ಮಾತ್ರ ಕಪ್ಪಾಗುತ್ತದೆ. ಬಗೆಬಗೆಯ ಹೊಡೆದಾಟ ತೋರಿಸುವ ಶಕ್ತಿ ಯಂತ್ರಕ್ಕಿಲ್ಲ. ಈ ಬಡತನವೇ ಹೊಡೆದಾಟವನ್ನು ಪರದೆಯಿಂದ ಎತ್ತಿ ಆಡುವವರ ತಲೆಯೊಳಗಿಟ್ಟಿತು.

ಇಂಥವನ್ನು ಕೈಚುರುಕಿನ ಆಟಗಳೆಂದು ಕರೆದು ಸುಮ್ಮನಾಗುವುದು ವಾಡಿಕೆ. ‘ಜಡ್ಜ್’ನ ಮಟ್ಟಿಗೆ ನನಗೆ ಅದು ಒಪ್ಪಿಗೆಯಿಲ್ಲ. ಕೈ ಚುರುಕಾಗುವ ಮೊದಲು ಇಲ್ಲಿ ಓದು ನಡೆಯಬೇಕು. ನನ್ನ ಅಂಕಿಯನ್ನಷ್ಟೇ ನೋಡಿದರೆ ಏನೂ ತಿಳಿಯದು. ಎರಡರ ಮುಂದೆ ಏಳು ಹೊಡೆಯುವ ಹಕ್ಕು. ಎಂಟರ ಮುಂದೆ ಅದೇ ಏಳು ಓಡಬೇಕಾದ ಸೂಚನೆ. ಏಳನ್ನು ಕಂಡೊಡನೆ ಹುಮ್ಮಸ್ಸಿನಲ್ಲಿ ಸುತ್ತಿಗೆ ಎತ್ತುವವನ ವೇಗವೇ ಅವನನ್ನು ಕೆಡಿಸುತ್ತದೆ. ಇನ್ನೊಂದು ಮಾತು. ಚಿಕ್ಕ ಅಂಕಿ ಬರುವುದು ಇಲ್ಲಿ ಸೋಲಲ್ಲ. ಬಂದದ್ದನ್ನು ಗುರುತಿಸದೆ ಹೋಗುವುದು ಸೋಲು. ತಪ್ಪಿಸಿಕೊಳ್ಳುವುದು ಹೇಡಿತನವಲ್ಲ, ಆ ಗಳಿಗೆಯ ಸರಿಯಾದ ಉತ್ತರ. ಮುಂದಿನ ಸುತ್ತಿನಲ್ಲಿ ಅಂಕಿ ಬದಲಾಗುತ್ತದೆ, ಬಲವೂ ಬದಲಾಗುತ್ತದೆ.

ಈ ಸೂಕ್ಷ್ಮ ಎಷ್ಟು ಸುಲಭವಾಗಿ ಕಳೆದುಹೋಗುತ್ತದೆ ಎನ್ನುವುದಕ್ಕೆ ನಿಂಟೆಂಡೊದ್ದೇ ಇನ್ನೊಂದು ಆಟ ಸಾಕ್ಷಿ. 2001ರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೇ’ಯಲ್ಲಿ ಹಳೆಯ ಕಪ್ಪು ಮನುಷ್ಯ ‘ಮಿಸ್ಟರ್ ಗೇಮ್ ಅಂಡ್ ವಾಚ್’ ಎಂಬ ಪಾತ್ರವಾಗಿ ಬರುತ್ತಾನೆ. ಅವನ ಒಂದು ಪಟ್ಟಿಗೆ ‘ಜಡ್ಜ್’ ಎಂದೇ ಹೆಸರು. ಸುತ್ತಿಗೆ ಬೀಸಿದಾಗ ಒಂದರಿಂದ ಒಂಬತ್ತರವರೆಗಿನ ಯಾವುದೋ ಅಂಕಿ ಮೂಡುತ್ತದೆ. ಒಂಬತ್ತು ಬಂದರೆ ಎದುರಾಳಿಗೆ ಭಾರೀ ಏಟು. ಒಂದು ಬಂದರೆ ಪೆಟ್ಟು ಬೀಸಿದವನಿಗೇ. ನೋಡಲು ಮೋಜಾಗಿದೆ. ಆದರೆ ಎದುರಿನವನ ಫಲಕ ಮಾಯವಾಗಿದೆ. ಒಂಬತ್ತು ಈಗ ಯಾರ ಮುಂದೆಯೂ ಒಂಬತ್ತೇ. ಸುತ್ತಿಗೆ ಉಳಿದಿದೆ, ಅಂಕಿ ಉಳಿದಿದೆ, ಹೆಸರೂ ಉಳಿದಿದೆ, ಹೋಲಿಕೆ ಹೋಗಿದೆ. ಹೋಲಿಕೆ ಹೋದ ಮೇಲೆ ಓದಲು ಏನೂ ಇಲ್ಲ, ಅದೃಷ್ಟಕ್ಕೆ ಕಾಯುವುದಷ್ಟೇ.

ವಿದ್ಯಾರ್ಥಿಗಳಾದ ನಮಗೆ ಈ ಎರಡನೆಯ ಬಗೆಯ ಅಂಕಿ ಚೆನ್ನಾಗಿ ಗೊತ್ತು. ಅಂಕಪಟ್ಟಿಯಲ್ಲಿ ಅದು ಒಮ್ಮೆ ಅಂಟಿಕೊಂಡರೆ ಎಲ್ಲೆಲ್ಲೂ ನಮ್ಮ ಹಿಂದೆಯೇ ಬರುತ್ತದೆ. ಹಳೆಯ ‘ಜಡ್ಜ್’ ಮಾತ್ರ ಅಂಕಿಯನ್ನು ಯಾರ ಹಣೆಗೂ ಬರೆಯಲಿಲ್ಲ. ಕೈಗೆ ಕೊಟ್ಟಿತು, ಮರುಕ್ಷಣ ಕಸಿದುಕೊಂಡಿತು. ಹೆಸರು ‘ಜಡ್ಜ್’ ಎಂದಿದ್ದರೂ ಪರದೆಯ ಮೇಲೆ ತೀರ್ಪು ಕೊಡುವವನು ಬೇರೆ ಯಾರೂ ಇಲ್ಲ. ಎದುರಿನವನ ಫಲಕವನ್ನೂ ನೋಡಿ, ಕ್ಷಣದೊಳಗೆ ಆ ಕೆಲಸ ಮಾಡಬೇಕಾದವರು ಆಡುವ ಇಬ್ಬರೇ.