ಎರಿ, ಮಸಾರಿ, ಕಲ್ಲು: ಬಯಲುಸೀಮೆಯ ಕಾಲುದಾರಿ ಓಟಕ್ಕೆ ರಸಿಕರ ಕೈಪಿಡಿ

ಟ್ರೇಲ್ ರನ್ನಿಂಗ್ ಅಂದರೆ ಕರ್ನಾಟಕದ ಓಟಗಾರರಿಗೆ ಮೊದಲು ನೆನಪಾಗುವುದು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾ, ಇಲ್ಲವೇ ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್. ನೆರಳೇ ಇಲ್ಲದ ಒಣನೆಲ ಬೇಕೆಂದವರು ಲಡಾಖಿನತ್ತ ಮುಖ ಮಾಡುತ್ತಾರೆ. ಅಲ್ಲಿ 2012ರಿಂದ ನಡೆಯುತ್ತಿರುವ ಮ್ಯಾರಥಾನ್‌ಗೆ ಹೋದವರು 3,500 ಮೀಟರ್ ಎತ್ತರದ ತೆಳುಗಾಳಿ ಮೈಗೂಡುವ ತನಕ ಲೇಹ್ ಪಟ್ಟಣದಲ್ಲಿ ಕೈಕಟ್ಟಿ ಕೂರಬೇಕು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಹೆಸರು ಈ ಮಾತಿನಲ್ಲಿ ಬರುವುದೇ ಇಲ್ಲ.

ಬರಬೇಕು. ಸಹ್ಯಾದ್ರಿಯ ಮಳೆನೆರಳಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಹರವಿಕೊಂಡ ಸೀಮೆ ಇದು. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಮರುಭೂಮಿ ಅಲ್ಲ, ಆದರೆ ನೆರಳಿಲ್ಲದ ಬಯಲು, ಬೋಳು ಗುಡ್ಡ, ಬತ್ತುವ ಹಳ್ಳ ಎಲ್ಲ ಇವೆ. ಉಸಿರಿಗೆ ಇಲ್ಲಿ ತೊಂದರೆಯಿಲ್ಲ. ಪರೀಕ್ಷೆ ಏನಿದ್ದರೂ ಪಾದಕ್ಕೆ.

ಹೊಸಬರು ಬಂದು ಮೊದಲು ಕೇಳುವುದು "ಎಲ್ಲಿ ಓಡಲಿ?" ಎಂದು. ಈ ಸೀಮೆಯಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು "ಈಗ ಯಾವ ತಿಂಗಳು?" ಎಂದು. ಒಂದೇ ಚಕ್ಕಡಿ ದಾರಿ ಜುಲೈನಲ್ಲಿ ಕೆಸರು, ಡಿಸೆಂಬರಿನಲ್ಲಿ ಓಟದ ಹಾಸು, ಏಪ್ರಿಲಿನಲ್ಲಿ ಪಾದ ಮುರಿಯುವ ಬಿರುಕು. ಗದಗ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಸಂಗೀತ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ರಾಗಕ್ಕೆ ಹೊತ್ತು ಇರುವಂತೆ ಇಲ್ಲಿಯ ದಾರಿಗೂ ಹೊತ್ತಿದೆ. ಆ ಹೊತ್ತು ಹಿಡಿಯುವುದೇ ಇಲ್ಲಿಯ ರಸಿಕತೆಯ ಮೊದಲ ಪಾಠ.

ಮೊದಲು ನೆಲ ಓದಿ

ಮೂರು ನೆಲಗಳನ್ನು ಗುರುತಿಸಲು ಬಂದರೆ ಅರ್ಧ ಕಲಿತಂತೆ.

ಎರಿ, ಅಂದರೆ ಕಪ್ಪು ನೆಲ. ರೋಣ, ನರಗುಂದದ ಬಯಲೆಲ್ಲ ಇದೇ. ಈ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಾಗಾಗಿ ಒಂದು ಹದ ಮಳೆ ಬಿದ್ದ ಮರುದಿನ ಎರಿಹೊಲಕ್ಕೆ ಕಾಲಿಟ್ಟವರ ಬೂಟು ಹತ್ತು ಹೆಜ್ಜೆಗೇ ಎರಡರಷ್ಟು ಭಾರವಾಗುತ್ತದೆ. ಎತ್ತು ಕೂಡ ಹೊಲಕ್ಕಿಳಿಯಲು ಒಲ್ಲೆ ಅನ್ನುವ ಹೊತ್ತದು. ಬೇಸಿಗೆಯಲ್ಲಿ ಅದೇ ನೆಲ ಪಾದ ಇಳಿಯುವಷ್ಟು ಅಗಲಕ್ಕೆ ಸೀಳುತ್ತದೆ. ಇವೆರಡರ ನಡುವೆ, ಹಿಂಗಾರಿ ಬಿತ್ತನೆಯ ತೇವ ಮೇಲ್ಪದರದಲ್ಲಿ ಆರಿ ಒಳಗೆ ಮಾತ್ರ ಉಳಿದಿರುವ ಕೆಲವು ವಾರಗಳಿವೆ. ಆಗ ಚಕ್ಕಡಿ ದಾರಿಯ ನಡುದಿಬ್ಬ ಗಟ್ಟಿಯೂ ಹೌದು, ಮೆತ್ತಗೂ ಹೌದು. ಹಿಮ್ಮಡಿಗೆ ಅಷ್ಟು ಹಿತವಾದ ನೆಲ ಯಾವ ಕ್ರೀಡಾಂಗಣದಲ್ಲೂ ಸಿಗಲಾರದು.

ಮಸಾರಿ, ಅಂದರೆ ಕೆಂಪು ನೆಲ. ಗುಡ್ಡದ ಬುಡಕ್ಕೆ ಬಂದಂತೆ ಕಪ್ಪು ತಿಳಿಯಾಗಿ ಕೆಂಪಾಗುತ್ತದೆ, ಗರಸು ಹೆಚ್ಚುತ್ತದೆ. ಮಳೆ ನೀರು ಇಲ್ಲಿ ನಿಲ್ಲುವುದಿಲ್ಲ, ಬೇಗ ಇಂಗುತ್ತದೆ ಇಲ್ಲವೇ ಹರಿದುಹೋಗುತ್ತದೆ. ಇಳಿಜಾರಿನಲ್ಲಿ ಸಣ್ಣ ಹರಳು ಉರುಳಿ ಕಾಲು ಜಾರಿಸುವುದೊಂದೇ ಕಾಟ.

ಮೂರನೆಯದು ಕಲ್ಲು. ಗಜೇಂದ್ರಗಡದ ಗುಡ್ಡದ ನೆತ್ತಿ, ಬಾದಾಮಿಯ ಮರಳುಗಲ್ಲಿನ ಹಾಸು. ಒಣಗಿದಾಗ ರಬ್ಬರು ಗಪ್ಪನೆ ಹಿಡಿಯುತ್ತದೆ. ಒದ್ದೆಯಾಗಿ ಪಾಚಿ ಕಟ್ಟಿದ ಕಡೆ ಓಡುವ ಮಾತು ಬಿಟ್ಟು ನಡೆಯಬೇಕು.

ನಡೆದು ಹೋಗುವಾಗ ಇವು ಬಣ್ಣದಿಂದ ಗೊತ್ತಾಗುತ್ತವೆ. ಓಡುವಾಗ ಸದ್ದಿನಿಂದ ಗೊತ್ತಾಗಬೇಕು. ಎರಿಯಲ್ಲಿ ಹೆಜ್ಜೆ ಮಂದ, ಗರಸಿನಲ್ಲಿ ಚರಚರ, ಹಾಸುಗಲ್ಲಿನಲ್ಲಿ ಟಪಟಪ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುವವರಿಗೆ ಈ ಅರ್ಧ ಪಾಠ ತಪ್ಪಿಹೋಗುತ್ತದೆ.

ಪಂಚಾಂಗ ಹಿಡಿದು ಓಡಿ

ಜೂನಿನಿಂದ ಸೆಪ್ಟೆಂಬರ್: ಬಯಲು ಬಂದ್. ಮುಂಗಾರಿ ಹೆಸರು ಹೊಲದಲ್ಲಿರುತ್ತದೆ, ಎರಿ ಅಂಟುತ್ತದೆ. ಗುಡ್ಡ ಮಾತ್ರ ತೆರೆದಿರುತ್ತದೆ. ಆಷಾಢದ ಪಡುವಣ ಗಾಳಿ ಗಜೇಂದ್ರಗಡದ ಮೇಲೆ ಎಷ್ಟು ಬಿರುಸೆಂದರೆ ಗಾಳಿಯಂತ್ರಗಳನ್ನು ಅಲ್ಲಿ ಯಾಕೆ ನೆಟ್ಟಿದ್ದಾರೆಂದು ಯಾರೂ ಹೇಳಿಕೊಡಬೇಕಿಲ್ಲ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಬೆನ್ನಿಗೆ ಹಾಕಿಕೊಂಡು ಬನ್ನಿ. ಉಲ್ಟಾ ಮಾಡಿದವರು ದಣಿದ ಮೇಲೆ ಗಾಳಿಯೊಂದಿಗೆ ಕುಸ್ತಿ ಹಿಡಿಯಬೇಕಾಗುತ್ತದೆ.

ಅಕ್ಟೋಬರಿನಲ್ಲಿ ಹಿಂಗಾರಿ ಬಿತ್ತನೆಯ ಗಡಿಬಿಡಿ. ಟ್ರ್ಯಾಕ್ಟರು, ಚಕ್ಕಡಿ ಓಡಾಡುವ ದಾರಿಗೆ ಅಡ್ಡ ಬರದೆ ಇರುವುದೇ ಲೇಸು.

ನವೆಂಬರ್ ಕೊನೆಯಿಂದ ಫೆಬ್ರವರಿ: ಬಯಲಿನ ಸುಗ್ಗಿಯಂತೆ ಓಟಗಾರರ ಸುಗ್ಗಿಯೂ ಇದೇ. ಎರಡೂ ಬದಿ ಆಳೆತ್ತರದ ಬಿಳಿಜೋಳ, ನಡುವೆ ದಾರಿ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಬಯಲು ತನ್ನ ತುಂಬು ಚೆಲುವಿನಲ್ಲಿರುತ್ತದೆ. ಆ ದಿನ ಹೊಲಕ್ಕೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಬಂದಿರುತ್ತಾರೆ. ಓಡುತ್ತ ಹೋದವರನ್ನು ನಿಲ್ಲಿಸಿ ಸಜ್ಜಿ ರೊಟ್ಟಿ, ಪುಂಡಿಪಲ್ಲೆ ಕೈಗಿಡುವುದು ಅಪರೂಪವೇನಲ್ಲ. ಆವತ್ತು ಗಡಿಯಾರ ಮನೆಯಲ್ಲಿ ಬಿಡಿ.

ಮಾರ್ಚಿನಿಂದ ಮೇ: ಜೋಳ ಕೊಯ್ದ ಕೂಳೆ ಚೂಪು, ನೆಲ ಸೀಳು, ಹತ್ತು ಗಂಟೆಗೇ ಬಿಸಿಲು ನೆತ್ತಿಗೇರುತ್ತದೆ. ನಸುಕಿನಲ್ಲಿ ಗುಡ್ಡದ ಮೆಟ್ಟಿಲು ಹತ್ತಿಳಿದು, ಬಿಸಿಲು ಮುಟ್ಟುವ ಮೊದಲು ಕೆಳಗಿರಬೇಕು.

ಎಲ್ಲಿಗೆ ಹೋಗಬೇಕು

ಹೊಳೆಮಣ್ಣೂರ ಮತ್ತು ಮಲಪ್ರಭೆಯ ದಂಡೆ. ಕಲಿಯುವವರಿಗೆ ಇದು ಮೊದಲ ನೆಲ, ಏಕೆಂದರೆ ಏರಿಲ್ಲ. ಸವದತ್ತಿ ಕಡೆಯ ನವಿಲುತೀರ್ಥದಲ್ಲಿ ಕಟ್ಟೆ ಕಟ್ಟಿದ ಮೇಲೆ ಮಲಪ್ರಭೆ ವರ್ಷದ ಬಹುಪಾಲು ಸೌಮ್ಯವಾಗಿರುತ್ತಾಳೆ. ಆದರೆ ಕಟ್ಟೆಯ ನೀರು ಬಿಟ್ಟಾಗ, ಮೇಲಿನಿಂದ ಬೆಣ್ಣೆಹಳ್ಳವೂ ತುಂಬಿ ಬಂದಾಗ, ಈ ದಂಡೆಯ ಊರುಗಳು ಮುಳುಗುತ್ತವೆ. 2009 ಮತ್ತು 2019ರ ಪ್ರವಾಹಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ಮಳೆಗಾಲದಲ್ಲಿ ಹೊಳೆಯ ಕಡೆ ಓಟ ಬೇಡವೇ ಬೇಡ. ಚಳಿಗಾಲದಲ್ಲಿ ದಂಡೆಯ ಮೆಕ್ಕಲು ಗಟ್ಟಿಯಾಗಿ, ಹೊಲದ ಬದುವಿನಿಂದ ಹೊಳೆಗೆ, ಹೊಳೆಯಿಂದ ಮೆಣಸಗಿ ಕಡೆಯ ಚಕ್ಕಡಿ ದಾರಿಗೆ ಹೊರಳುತ್ತ ಓಡಬಹುದು. ದಾರಿ ಸಪಾಟಾಗಿದೆಯೆಂದು ಬೇಸರಪಡಬೇಡಿ. ವೇಗದ ಏರಿಳಿತವಿಲ್ಲದೆ ಒಂದೇ ಲಯ ಹಿಡಿಯುವುದು ಗುಡ್ಡ ಹತ್ತುವುದಕ್ಕಿಂತ ಕಷ್ಟ. ಹತ್ತಿರದ ಹೊಳೆಆಲೂರಿಗೆ ಗದಗ–ಬಾಗಲಕೋಟೆ ಮಾರ್ಗದ ರೈಲು ಇರುವುದರಿಂದ ಹೊರಗಿನವರು ಬಂದು ಹೋಗುವುದೂ ಸುಲಭ.

ನರಗುಂದದ ಗುಡ್ಡ. ಕಪ್ಪು ಬಯಲಿನ ನಡುವೆ ಒಂಟಿಯಾಗಿ ಎದ್ದ ಗುಡ್ಡ, ಕಾಲ ಬುಡದಲ್ಲೇ ಪೇಟೆ. ಮೇಲೆ ಹಾಳುಬಿದ್ದ ಕೋಟೆ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬ ಭಾವೆಯ ಸಂಸ್ಥಾನದ ಕೋಟೆ ಅದು. ಏರು ಚಿಕ್ಕದು, ಆದರೆ ಕಡಿದು. ಓಡಿ ಹತ್ತುವುದಕ್ಕಿಂತ ಮಂಡಿಯ ಮೇಲೆ ಕೈಯೂರಿ ಬಿರಬಿರನೆ ನಡೆದು ಹತ್ತುವುದೇ ಜಾಣತನ. ಜಗತ್ತಿನ ದೊಡ್ಡ ಗುಡ್ಡದೋಟಗಾರರೂ ಹಾಗೇ ಹತ್ತುತ್ತಾರೆ, ಅದರಲ್ಲಿ ಅವಮಾನವಿಲ್ಲ. ನೆತ್ತಿಯ ಮೇಲೆ ನಿಂತು ಸುತ್ತ ನೋಡಿ. ನೀವು ಓಡಲಿರುವ ಬಯಲೆಲ್ಲ, ಎಲ್ಲಿ ಕಪ್ಪು, ಎಲ್ಲಿ ಹಸಿರು, ಎಲ್ಲಿ ಹಳ್ಳ ಎಂಬುದೆಲ್ಲ ಇಲ್ಲಿಂದಲೇ ಕಾಣುತ್ತದೆ.

ಗಜೇಂದ್ರಗಡ. ಈ ಸೀಮೆಯಲ್ಲಿ ಒಂದೇ ಒಂದು ಜಾಗಕ್ಕೆ ಹೋಗಲು ಬಿಡುವಿದ್ದರೆ ಇಲ್ಲಿಗೇ ಹೋಗಿ. 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದವಾದದ್ದು ಈ ಊರಿನ ಹೆಸರಿನಲ್ಲೇ. ಕಾಲಕಾಲೇಶ್ವರನ ಗುಡಿಗೆ ಹತ್ತುವ ಮೆಟ್ಟಿಲುಗಳಿಂದ ಶುರು ಮಾಡಿ. ಗುಡಿಯ ಹತ್ತಿರ ಬಂಡೆಯೊಳಗಿಂದ ಜಿನುಗುವ ಅಂತರಗಂಗೆ ಬೇಸಿಗೆಯಲ್ಲೂ ಬತ್ತುವುದಿಲ್ಲ. ಗುಡಿಯಲ್ಲಿ ಜನರಿರುವ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಓಡಬೇಡಿ, ಭಕ್ತರ ಹಿಂದೆ ನಡೆದೇ ಹೋಗಿ. ನಿಜವಾದ ಓಟ ಇರುವುದು ಮೇಲೆ. ಗುಡ್ಡದ ತಲೆ ಸಪಾಟಾಗಿ ಹರವಿಕೊಂಡಿದೆ, ಗಾಳಿಯಂತ್ರಗಳಿಗೆಂದು ಮಾಡಿದ ಗರಸಿನ ದಾರಿ ಇದೆ, ಅದರಿಂದ ಕವಲೊಡೆದ ಕುರಿದಾರಿಗಳಿವೆ. ಗರಸಿನ ದಾರಿಯಲ್ಲಿ ಮೈ ಬಿಸಿ ಮಾಡಿಕೊಂಡು ಕುರಿದಾರಿಗೆ ಇಳಿಯಿರಿ. ಕುರಿ ಯಾವತ್ತೂ ನೇರ ಏರಿಗೆ ಹೋಗುವುದಿಲ್ಲ, ಗುಡ್ಡದ ಮಗ್ಗುಲನ್ನು ಬಳಸಿ ಹೋಗುತ್ತದೆ. ಆ ದಾರಿ ಹಿಡಿದರೆ ಏರು ತಾನಾಗಿ ಸುಲಭವಾಗುತ್ತದೆ.

ಬಾದಾಮಿಯಿಂದ ಮಹಾಕೂಟ. ಇದು ಬಾಗಲಕೋಟೆ ಜಿಲ್ಲೆಗೆ ಸೇರಿದ್ದು, ಆದರೆ ಓಟಕ್ಕೆ ಜಿಲ್ಲೆಯ ಗಡಿ ಲೆಕ್ಕಕ್ಕಿಲ್ಲ. ಮರಳುಗಲ್ಲಿನ ಗುಡ್ಡಗಳ ನಡುವಿನ ಹಳೆಯ ಕಾಲುದಾರಿ, ಕೊನೆಯಲ್ಲಿ ಮಹಾಕೂಟದ ಪುಷ್ಕರಣಿ. ಗುಡಿ, ಗುಹೆಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಸ್ಮಾರಕಗಳ ಆವರಣದಲ್ಲಿ ಓಟ ಸಲ್ಲದು. ಕೈಯಲ್ಲಿ ತಿಂಡಿ ಕಂಡರೆ ಮಂಗಗಳು ಬಿಡುವುದಿಲ್ಲ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳದಾರಿಗಳಿಗೆ ಹೋಗಬೇಡಿ.

ಒಳ್ಳೆಯ ಓಟವನ್ನು ನೋಡುವ ಕಣ್ಣು

ರಸ್ತೆಯ ಓಟದಲ್ಲಿ ಗಡಿಯಾರವೇ ವಿಮರ್ಶಕ. ಕಾಲುದಾರಿಯಲ್ಲಿ ಅದರ ಮಾತು ನಡೆಯುವುದಿಲ್ಲ. ಜೋಳದ ಹೊಲದಲ್ಲಿ ಒಂದು ಕಿಲೋಮೀಟರಿಗೆ ಆರು ನಿಮಿಷ ಹಿಡಿದವರಿಗೆ ಗಜೇಂದ್ರಗಡದ ಏರಿನಲ್ಲಿ ಹನ್ನೆರಡು ಬೇಕಾಗಬಹುದು. ಹಾಗಾದರೆ ಓಟ ಚೆಂದವಿದೆ ಎಂದು ಯಾವುದನ್ನು ನೋಡಿ ಹೇಳುವುದು?

ಹೆಜ್ಜೆ ಗಿಡ್ಡವಿರಬೇಕು, ಪಾದ ಮೈಯ ಕೆಳಗೇ ಬೀಳಬೇಕು. ಉದ್ದ ಹೆಜ್ಜೆ ಹಾಕಿದವರು ಉರುಳುಗಲ್ಲಿನ ಮೇಲೆ ಜಾರುತ್ತಾರೆ. ಕಣ್ಣು ಪಾದದ ಮೇಲಲ್ಲ, ಮೂರು-ನಾಲ್ಕು ಮೀಟರ್ ಮುಂದಿರಬೇಕು. ಕಾಲು ಎಲ್ಲಿಡಬೇಕೆಂದು ಕಣ್ಣು ಆಗಲೇ ಹೇಳಿ ಮುಗಿಸಿರಬೇಕು. ಇಳಿಯುವಾಗ ಹಿಂದಕ್ಕೆ ವಾಲಿ ಬ್ರೇಕು ಹಾಕುವವರು ತೊಡೆ ನೋಯಿಸಿಕೊಳ್ಳುತ್ತಾರೆ. ತುಸು ಮುಂದೆ ಬಾಗಿ, ಕೈಗಳನ್ನು ಅಗಲ ಬಿಟ್ಟು ತೂಕ ಸರಿದೂಗಿಸುವವರು ಹಗುರವಾಗಿ ಇಳಿಯುತ್ತಾರೆ. ಏರಿನಲ್ಲಿ ಜೋರು ಮಾಡುವವರನ್ನು ಜನ ಹೊಗಳುತ್ತಾರೆ, ಬಲ್ಲವರು ನೋಡುವುದು ಇಳಿತವನ್ನು.

ಈ ವಿದ್ಯೆಯ ನಿಜವಾದ ಗುರು ಬಯಲಿನಲ್ಲೇ ಇದೆ: ಚಿಗರಿ. ರೋಣ, ನರೇಗಲ್ ಕಡೆಯ ಹೊಲಗಳಲ್ಲಿ ಹಿಂಡು ಹಿಂಡಾಗಿ ಕಾಣುತ್ತದೆ. ಬೆಳೆ ತಿನ್ನುತ್ತದೆಂದು ರೈತರಿಗೆ ಅದರ ಮೇಲೆ ಸಿಟ್ಟಿರುವುದೂ ನಿಜ. ಅದು ಓಡುವುದನ್ನು ದೂರದಿಂದ ನಿಂತು ನೋಡಿ. ಬದು ಬಂದಲ್ಲಿ ವೇಗ ತಗ್ಗಿಸದೆ, ಎರಡು ಹೆಜ್ಜೆ ಮೊದಲೇ ಅಳತೆ ಮಾಡಿಕೊಂಡು ಹಾರುತ್ತದೆ. ಅದನ್ನು ಬೆನ್ನಟ್ಟುವುದು ಮಾತ್ರ ಬೇಡ. ಅದು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ.

ಕಾಲಿಗೆ, ಕೈಗೆ, ಬಾಯಿಗೆ

ಜಾಲಿಮುಳ್ಳು ತೆಳು ಅಟ್ಟೆಯನ್ನು ಸಲೀಸಾಗಿ ದಾಟುತ್ತದೆ. ಗಟ್ಟಿ ಅಟ್ಟೆಯ ಬೂಟು ಹಾಕಿ, ಆದರೆ ಹಲ್ಲು ತೀರ ಆಳ ಬೇಡ, ಎರಿಮಣ್ಣು ಅದರಲ್ಲಿ ಕೂತರೆ ಬಿಡುವುದಿಲ್ಲ. ಜೋಳದ ಹೊಲದ ಅಂಚಿಗೆ ದನ ನುಗ್ಗದಿರಲೆಂದು ಕುಸುಬಿ ಹಾಕಿರುತ್ತಾರೆ. ಆ ಮುಳ್ಳು ದನವನ್ನು ತಡೆಯುವಂತೆ ನಿಮ್ಮನ್ನೂ ತಡೆಯುತ್ತದೆ. ಕುಸುಬಿ ಗೀರಿದ ಮೊಳಕಾಲಿನಲ್ಲಿ ಮುಂದಿನ ಕಡ್ಲಿ ಹೊಲಕ್ಕೆ ಹೋದಿರೋ, ಕಡ್ಲಿ ಎಲೆಯ ಹುಳಿ ಇಬ್ಬನಿ ತಾಗಿ ಚುರುಚುರು ಉರಿಯುತ್ತದೆ. ಉದ್ದ ಕಾಲುಚೀಲ ಇದ್ದರೆ ಎರಡರಿಂದಲೂ ಪಾರು.

ಡಿಸೆಂಬರ್ ದಾಟಿದ ಮೇಲೆ ಹಳ್ಳದ ನೀರನ್ನು ನಂಬಬೇಡಿ. ಒಂದು ತಾಸಿನ ಓಟಕ್ಕೂ ಅರ್ಧ ಲೀಟರ್ ಬೆನ್ನಿಗಿರಲಿ, ಬಿಸಿಲಿದ್ದರೆ ಇನ್ನೂ ಹೆಚ್ಚು. ದುಬಾರಿ ಜೆಲ್ ಪೊಟ್ಟಣ ಬೇಕಿಲ್ಲ, ಶೇಂಗಾ, ಬೆಲ್ಲ, ಚಿಟಿಕೆ ಉಪ್ಪು ಸಾಕು. ಓಟ ಮುಗಿದ ಮೇಲೆ ಪೇಟೆಯಲ್ಲಿ ಗಿರಮಿಟ್ ಮತ್ತು ಮಿರ್ಚಿ ಇದ್ದೇ ಇರುತ್ತದೆ.

ಹೊಲದ ಮರ್ಯಾದೆ

ಇಲ್ಲಿಯ ಯಾವ ದಾರಿಯೂ ಓಟಗಾರರಿಗೆಂದು ಆದದ್ದಲ್ಲ. ಚಕ್ಕಡಿ, ಕುರಿ, ಬನಶಂಕರಿಯ ಜಾತ್ರೆಗೆ, ಯುಗಾದಿಗೆ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರು ತುಳಿದು ಮಾಡಿದವು. ಬಿತ್ತಿದ ಹೊಲದೊಳಗೆ ಕಾಲಿಡಬೇಡಿ, ಬದುವಿನ ಮೇಲೆ ಹೋಗಿ. ಕಣ ಮಾಡಿದ ಜಾಗವನ್ನು ಬೂಟುಗಾಲಲ್ಲಿ ತುಳಿಯಬೇಡಿ. ಕುರಿ ಹಿಂಡು ಕಂಡ ತಕ್ಷಣ ಓಟ ನಿಲ್ಲಿಸಿ ನಡೆಯಿರಿ, ಕಾವಲು ನಾಯಿಗೆ ಓಡುವ ಮನುಷ್ಯನೆಂದರೆ ಕಳ್ಳನೇ. ಕುರಿಗಾರರನ್ನು ದೂರದಿಂದಲೇ ಕೂಗಿ ಮಾತಾಡಿಸಿ. "ಯಾವೂರ್ರಿ?" ಎಂದು ಕೇಳಿದರೆ ನಿಂತು ಉತ್ತರ ಕೊಡಿ. ಮುಂದಿನ ಹಳ್ಳದಲ್ಲಿ ನೀರಿದೆಯೋ, ದಾರಿ ಕಡಿದಿದೆಯೋ ಎಂಬ ಸುದ್ದಿ ಮೊಬೈಲ್ ನಕ್ಷೆಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಶುರು ಮಾಡುವ ಬಗೆ

ಮೊದಲ ಚಳಿಗಾಲ ಬಯಲಿನಲ್ಲೇ ಕಳೆಯಿರಿ. ವಾರಕ್ಕೆ ಮೂರು ಬೆಳಗು, ಅರ್ಧ ತಾಸು, ಮಾತಾಡುತ್ತ ಓಡಬಹುದಾದ ವೇಗ. ದೂರ ಅಳೆಯಬೇಡಿ, ಹೊತ್ತು ಮಾತ್ರ ನೋಡಿ. ಬೇಸಿಗೆಯಲ್ಲಿ ನರಗುಂದದ ಏರಿನಲ್ಲಿ ನಡಿಗೆ ಕಲಿಯಿರಿ. ಮಳೆಗಾಲಕ್ಕೆ ಗಜೇಂದ್ರಗಡದ ಮೇಲೆ ಗಾಳಿಗೆ ಎದೆಯೊಡ್ಡಿ. ಮರಳಿ ಡಿಸೆಂಬರ್ ಬಂದಾಗ ಮೊದಲು ಓಡಿದ ಚಕ್ಕಡಿ ದಾರಿಗೇ ಹೋಗಿ, ಎಲ್ಲಿ ಎರಿ ಮುಗಿದು ಮಸಾರಿ ಶುರುವಾಗುತ್ತದೆಂದು ಕೆಳಗೆ ನೋಡದೆ ಪಾದದಿಂದಲೇ ಹೇಳಲು ಬಂದರೆ, ನೀವು ರಸಿಕರಾದಿರಿ ಎಂದು ಲೆಕ್ಕ. ಎಷ್ಟು ನಿಮಿಷದಲ್ಲಿ ಓಡಿದಿರಿ ಎಂಬ ವಿಚಾರವನ್ನು ಆಮೇಲೆ ಮಾಡಿದರಾಯಿತು.