ಬಂಕ್ ಕೊಡುವ ಭರವಸೆ ಚಾರ್ಜರ್ ಕೊಡುವುದು ಯಾವಾಗ?

ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದು. ಅದು 2017ರ ಮಾತು. ಅದಕ್ಕೂ ಎಷ್ಟೋ ಮೊದಲು, 2001ರಲ್ಲೇ, ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನಿಂದ ರಸ್ತೆಗಿಳಿದಿತ್ತು. ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳ ಸಂಖ್ಯೆಯಲ್ಲೂ ಕರ್ನಾಟಕ ಮುಂಚೂಣಿಯಲ್ಲಿದೆ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಅವು 5,700 ದಾಟಿವೆ. ಇಷ್ಟಾದರೂ ಕಾರು ಕೊಳ್ಳಲು ಹೊರಟವರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಬದಲಾಗಿಲ್ಲ: ‘ದಾರಿ ಮಧ್ಯೆ ಚಾರ್ಜ್ ಮುಗಿದರೆ ಏನು ಗತಿ?’ ಪೆಟ್ರೋಲ್ ಕಾರು ಕೊಳ್ಳುವವರಿಗೆ ಈ ಚಿಂತೆಯೇ ಇಲ್ಲ. ಎರಡು ವ್ಯವಸ್ಥೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಈ ಅಂತರದ ಕಾರಣ ತಿಳಿಯುತ್ತದೆ.

ಮೊದಲು ಸಂಖ್ಯೆಯನ್ನೇ ನೋಡೋಣ. ರಾಜ್ಯದ ಚಾರ್ಜಿಂಗ್ ಸ್ಟೇಷನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ. ಉಳಿದದ್ದನ್ನು ಬೀದರ್‌ನಿಂದ ಚಾಮರಾಜನಗರದವರೆಗಿನ ಎಲ್ಲ ಜಿಲ್ಲೆಗಳೂ ಹಂಚಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾದದ್ದು ವೇಗ. ಬಂಕಿನಲ್ಲಿ ಒಂದು ಕಾರಿಗೆ ಪೆಟ್ರೋಲ್ ಹಾಕಿ ದುಡ್ಡು ಎಣಿಸಿಕೊಳ್ಳಲು ನಾಲ್ಕೈದು ನಿಮಿಷ ಸಾಕು. ಅಲ್ಲಿನ ಒಂದು ನಾಜಲ್ ಗಂಟೆಗೆ ಹತ್ತು ಹನ್ನೆರಡು ಕಾರುಗಳನ್ನು ಕಳಿಸಿಕೊಡುತ್ತದೆ. ಹೆದ್ದಾರಿಯ 60 ಕಿಲೋವಾಟ್ ಚಾರ್ಜರಿನಲ್ಲಿ 40 ಯೂನಿಟ್ ಬ್ಯಾಟರಿಯನ್ನು ಶೇ 20ರಿಂದ 80ಕ್ಕೆ ಏರಿಸಲು 24 ಯೂನಿಟ್ ಬೇಕು. ಕಾಗದದ ಮೇಲೆ ಅದು 24 ನಿಮಿಷದ ಕೆಲಸ. ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟ್ ಎಳೆದುಕೊಳ್ಳುವುದು ನಿಧಾನವಾಗುವುದರಿಂದ ನಿಜದಲ್ಲಿ ಮುಕ್ಕಾಲು ಗಂಟೆಯ ಹತ್ತಿರ ಹೋಗುತ್ತದೆ. ಕಾರಿಗೆ ಸಿಕ್ಕಿಸುವ ಎರಡು ಗನ್‌ಗಳಿಗೂ ಅದೇ ಕರೆಂಟ್ ಹಂಚಿಹೋಗುವ ಚಾರ್ಜರಾದರೆ ಇನ್ನೂ ತಡ. ಹೀಗಾಗಿ ಒಂದು ನಾಜಲ್ ಮಾಡುವ ಕೆಲಸಕ್ಕೆ ಏಳೆಂಟು ಗನ್‌ಗಳಾದರೂ ಬೇಕು. ಎರಡೇ ಗನ್ ಇರುವ ಜಾಗವನ್ನೂ ಒಂದು ಸ್ಟೇಷನ್ ಎಂದು ಎಣಿಸಿ ಬಂಕಿಗೆ ಸಮ ಎನ್ನುವುದು ತಪ್ಪು ಲೆಕ್ಕ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಪೆಟ್ರೋಲ್ ಬೇಕೆಂದರೆ ಬಂಕಿಗೆ ಹೋಗಲೇಬೇಕು. ವಿದ್ಯುತ್ ಕಾರಿಗೆ ಸ್ವಂತ ಮನೆಯ 15 ಆಂಪ್ ಸಾಕೆಟ್ಟೇ ಸಾಕು. ರಾತ್ರಿ ಒಂಬತ್ತಕ್ಕೆ ಸಿಕ್ಕಿಸಿ ಬೆಳಿಗ್ಗೆ ಆರಕ್ಕೆ ತೆಗೆದರೆ ಸುಮಾರು 25 ಯೂನಿಟ್ ಸೇರಿರುತ್ತದೆ. ನಗರದೊಳಗಿನ ಮೂರ್ನಾಲ್ಕು ದಿನದ ಓಡಾಟ ಅದರಲ್ಲಿ ಆರಾಮಾಗಿ ಮುಗಿಯುತ್ತದೆ. ಸ್ವಂತ ಪಾರ್ಕಿಂಗ್ ಮತ್ತು ಸ್ವಂತ ಮೀಟರ್ ಇರುವವರ ಮಟ್ಟಿಗೆ ಪೆಟ್ರೋಲ್ ಈಗಾಗಲೇ ಸೋತಿದೆ. ಆದರೆ ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರ, ರಸ್ತೆಬದಿಯಲ್ಲೇ ಕಾರು ನಿಲ್ಲಿಸುವವರ ಸಂಖ್ಯೆ ಸಣ್ಣದಲ್ಲ. ಹೊಸ ಕಟ್ಟಡಗಳ ಪಾರ್ಕಿಂಗಿನಲ್ಲಿ ಶೇ 20ರಷ್ಟು ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂದು ಕೇಂದ್ರದ ಮಾದರಿ ಬೈಲಾ 2019ರಲ್ಲೇ ಹೇಳಿದೆ. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಒಂದು ಸಾಕೆಟ್ ಹಾಕಿಸಿಕೊಳ್ಳಲು ಇಂದಿಗೂ ಸಂಘದ ಸಭೆಯಲ್ಲಿ ಜಗಳವಾಡಬೇಕು. ಪೆಟ್ರೋಲ್ ಬಂಕ್ ಮಾತ್ರ ಮನೆ ಮಾಲೀಕನಿಗೂ ಬಾಡಿಗೆದಾರನಿಗೂ ಒಂದೇ ಬಾಗಿಲು ತೆರೆದಿಟ್ಟಿದೆ. ಬಂಕಿನ ಈ ಗುಣವನ್ನು ನಾವು ಮೆಚ್ಚಲೇಬೇಕು.

ಊರು ದಾಟಿದ ಮೇಲೆ ನಿಜವಾದ ಪರೀಕ್ಷೆ. ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಕಾರು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಸೇರಬೇಕು. ಸುಮಾರು 800 ಮೀಟರ್ ಏರು. ಜನರನ್ನೂ ಲಗೇಜನ್ನೂ ಸೇರಿಸಿ 1,600 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲಿಕ್ಕೇ ನಾಲ್ಕು ಯೂನಿಟ್ ಬೇಕು. 40 ಯೂನಿಟ್ ಬ್ಯಾಟರಿಯ ಹತ್ತನೇ ಒಂದು ಪಾಲು. ದಾರಿಯ ದೂರಕ್ಕೆ ಬೇಕಾದದ್ದು ಬೇರೆ. ಇಳಿಯುವಾಗ ಇದರಲ್ಲಿ ಒಳ್ಳೆಯ ಪಾಲು ಬ್ಯಾಟರಿಗೆ ಮರಳುತ್ತದೆ. ಪೆಟ್ರೋಲ್ ಕಾರಿಗೆ ಆ ಭಾಗ್ಯವಿಲ್ಲ. ಆದರೆ ಹತ್ತುವವನಿಗೆ ಸಕಲೇಶಪುರದಲ್ಲೋ ಹಾಸನದಲ್ಲೋ ಚಾರ್ಜರ್ ಸಿಕ್ಕೇ ಸಿಗುತ್ತದೆಂಬ ಖಾತ್ರಿ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಚಾರ್ಜರೂ ಹೋಯಿತು. ಬಂಕಿನಲ್ಲಿ ಜನರೇಟರ್ ಹಾಕಿ ಪಂಪ್ ಓಡಿಸುತ್ತಾರೆ.

ನನ್ನ ದೃಷ್ಟಿಯಲ್ಲಿ ಬಂಕಿನ ನಿಜವಾದ ಹೆಚ್ಚುಗಾರಿಕೆ ಪೆಟ್ರೋಲಿನಲ್ಲಿಲ್ಲ, ಅದರ ಸುತ್ತ ಕಟ್ಟಿರುವ ನಿಯಮಗಳಲ್ಲಿದೆ. ‘ಜೀರೋ ನೋಡ್ಕೊಳ್ಳಿ ಸಾರ್’ ಎನ್ನದೆ ಹುಡುಗ ನಾಜಲ್ ಹಾಕುವುದಿಲ್ಲ. ಅಳತೆಯ ಮೇಲೆ ಅನುಮಾನ ಬಂದರೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಐದು ಲೀಟರ್ ಅಳತೆಯಲ್ಲಿ ಹಿಡಿದು ತೋರಿಸಿ ಎಂದು ಕೇಳಬಹುದು. ಕಲಬೆರಕೆಯ ಶಂಕೆ ಬಂದರೆ ಫಿಲ್ಟರ್ ಪೇಪರ್ ಕೇಳಬಹುದು. ಗಾಳಿ, ಕುಡಿಯುವ ನೀರು, ಶೌಚಾಲಯ ಉಚಿತವಾಗಿ ಒದಗಿಸುವುದು ಬಂಕಿನ ಕರ್ತವ್ಯ. ದರ ಬೋರ್ಡಿನ ಮೇಲೆ ಕಾಣುತ್ತದೆ. ನೋಟು ಕೊಟ್ಟರೂ ನಡೆಯುತ್ತದೆ.

ಚಾರ್ಜರಿನ ಮುಂದೆ ನಿಂತವರ ಅನುಭವ ಬೇರೆ. ಎಷ್ಟೋ ಕಡೆ ಕೇಳಲು ಆಳೇ ಇರುವುದಿಲ್ಲ. ಕಂಪನಿಗೊಂದು ಆ್ಯಪ್, ಆ್ಯಪಿಗೊಂದು ವಾಲೆಟ್, ವಾಲೆಟ್ಟಿಗೆ ಮುಂಗಡ ಹಣ. ನೆಟ್‌ವರ್ಕ್ ಸಿಗದ ಜಾಗದಲ್ಲಿ ಒಟಿಪಿ ಬರುವುದಿಲ್ಲ. ಆ್ಯಪಿನಲ್ಲಿ ಹಸಿರು ಬಣ್ಣದಲ್ಲಿ ಕಾಣುವ ಗನ್ ಅಲ್ಲಿಗೆ ಹೋದಾಗ ಕೆಟ್ಟಿರುತ್ತದೆ, ಇಲ್ಲವೇ ಅದರ ಮುಂದೆ ಪೆಟ್ರೋಲ್ ಕಾರು ನಿಂತಿರುತ್ತದೆ. ಹೆದ್ದಾರಿಯಲ್ಲಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಸ್ಟೇಷನ್ ಇರಬೇಕೆಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಮಾರ್ಗಸೂಚಿ ಹೊರಡಿಸಿತು. ದೂರದ ಲೆಕ್ಕ ಸರಿ. ಆ ಜಾಗದಲ್ಲಿ ನಿಂತ ಯಂತ್ರ ಕೆಲಸ ಮಾಡದಿದ್ದರೆ ಆ 25 ಕಿಲೋಮೀಟರ್ 50 ಆಗುತ್ತದೆ, ಮುಂದಿನದೂ ಕೆಟ್ಟಿದ್ದರೆ 75. ಕುಟುಂಬ ಸಮೇತ ಹೊರಟವರಿಗೆ ಈ ಅನಿಶ್ಚಿತತೆಯೇ ದೊಡ್ಡ ಹೊರೆ.

ಹಾಗಾಗಿ ನನ್ನ ತೀರ್ಮಾನ ಇದು: ಸ್ವಂತ ಪಾರ್ಕಿಂಗ್ ಇರುವ ನಗರವಾಸಿಗೆ ವಿದ್ಯುತ್ತೇ ಮೇಲು, ಬಾಡಿಗೆದಾರನಿಗೂ ದೂರ ಪ್ರಯಾಣಿಕನಿಗೂ ಇಂದಿಗೂ ಪೆಟ್ರೋಲೇ ಮೇಲು. ಈ ಅಂತರ ಮುಚ್ಚಲು ಹೊಸ ತಂತ್ರಜ್ಞಾನಕ್ಕೆ ಕಾಯಬೇಕಿಲ್ಲ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಸ್ಟೇಷನ್‌ಗಳಿಗೆಂದೇ 2,000 ಕೋಟಿ ರೂಪಾಯಿ ಇಡಲಾಗಿದೆ. ಆ ಹಣವನ್ನು ಯಂತ್ರ ನೆಟ್ಟ ದಿನವೇ ಪೂರ್ತಿ ಕೊಡಬಾರದು. ಯಂತ್ರ ವರ್ಷವಿಡೀ ಓಡಿದ್ದನ್ನು ನೋಡಿ ಕಂತಿನಲ್ಲಿ ಕೊಡಬೇಕು. ಎಲ್ಲ ಚಾರ್ಜರುಗಳಲ್ಲೂ ಯಾವ ಆ್ಯಪಿನ ಹಂಗೂ ಇಲ್ಲದೆ ನೇರವಾಗಿ ಯುಪಿಐ ನಡೆಯಬೇಕು, ದರದ ಬೋರ್ಡ್ ಎದ್ದು ಕಾಣಬೇಕು, ಹೆದ್ದಾರಿಯಲ್ಲಿ ಆಳು, ನೆರಳು, ಶೌಚಾಲಯ ಇರಬೇಕು. ರಾಜ್ಯದಲ್ಲಿ ಚಾರ್ಜಿಂಗ್ ವ್ಯವಸ್ಥೆಯ ಹೊಣೆ ಹೊತ್ತ ಬೆಸ್ಕಾಂ, ಯಾವ ಸ್ಟೇಷನ್ ಎಷ್ಟು ದಿನ ಕೆಟ್ಟು ನಿಂತಿತ್ತು ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸಲಿ. ಓದುಗರೂ ಅಷ್ಟೇ: ಕೆಟ್ಟ ಚಾರ್ಜರ್ ಕಂಡರೆ ಬೈದು ಮುಂದೆ ಹೋಗಬೇಡಿ, ದೂರು ದಾಖಲಿಸಿ. ಬಂಕಿನಲ್ಲಿ ನಾವು ಅನುಭವಿಸುತ್ತಿರುವ ಹಕ್ಕುಗಳು ಚಾರ್ಜರಿನ ಮುಂದೆ ನಿಂತವರಿಗೂ ಸಿಗಬೇಕು.