ಆ ಎಂಟು ವರ್ಷ ಎಲ್ಲಿ ಹೋಯಿತು?

ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರನ್ನು ಕುರಿತ ಪರಿಚಯ ಲೇಖನಗಳನ್ನು ನಾವು ಎಷ್ಟೋ ವರ್ಷಗಳಿಂದ ಓದುತ್ತ ಬಂದಿದ್ದೇವೆ. ಕಾಲೇಜು ವಾರ್ಷಿಕೋತ್ಸವದ ಭಾಷಣಗಳಲ್ಲೂ ಅವರ ಕಥೆ ಕೇಳಿದ್ದೇವೆ. ಎಲ್ಲದರ ಅಚ್ಚು ಒಂದೇ. 1973ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನಿಂದ ಎಂಬಿಬಿಎಸ್ ಮುಗಿಸಿದ ತರುಣ ಪಟ್ಟಣದ ಸಂಪಾದನೆಯನ್ನು ಒದ್ದು ಯಳಂದೂರು ತಾಲ್ಲೂಕಿನ ಕಾಡಿಗೆ ನಡೆದರು. ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದವು. ಕೊನೆಗೆ 'ತ್ಯಾಗ' ಎಂಬ ಪದ, ಒಂದು ಚಪ್ಪಾಳೆ.

ಅವರ ಕೆಲಸದ ಬಗ್ಗೆ ನಮ್ಮದೇನೂ ತಕರಾರಿಲ್ಲ. ತಕರಾರು ಇರುವುದು ಈ ಬರವಣಿಗೆಯ ಬಗ್ಗೆ. 1973ಕ್ಕೂ 1981ಕ್ಕೂ ನಡುವೆ ಎಂಟು ವರ್ಷಗಳಿವೆ. ಲೇಖನಗಳಲ್ಲಿ ಅವು ಒಂದು ಅಲ್ಪವಿರಾಮದಲ್ಲಿ ಮುಗಿದುಹೋಗುತ್ತವೆ. ಆ ವರ್ಷಗಳಲ್ಲಿ ಅವರು ರಾಮಕೃಷ್ಣ ಮಿಷನ್ನಿನ ಆರೋಗ್ಯ ಕೇಂದ್ರಗಳಲ್ಲಿ ದುಡಿದರು. ಹಿಮಾಲಯದ ತಪ್ಪಲು, ಬಂಗಾಳದ ಬೇಲೂರು, ನಮ್ಮ ಕೊಡಗಿನ ಪೊನ್ನಂಪೇಟೆ ಎಂದು ಸುತ್ತಿದರು. ಎಂಭತ್ತರ ಹೊಸ್ತಿಲಲ್ಲಿ ಬೆಟ್ಟ ಹತ್ತಿದಾಗಲೂ ಸೋಲಿಗರು ಮೊದಮೊದಲು ಹತ್ತಿರ ಸುಳಿಯಲಿಲ್ಲ. ಅಂದರೆ ಒಂದು ಬೆಳಿಗ್ಗೆ ಎದ್ದು ದಾರಿ ಬದಲಿಸಿದ ಕಥೆ ಇದಲ್ಲ. ಹುಡುಕಿದರು, ಒಂದೆಡೆ ನಿಂತರು, ಅಲ್ಲಿಂದ ಎದ್ದರು, ಮತ್ತೆ ಹುಡುಕಿದರು. ಹುಡುಕುವಾಗ ತಲೆಯ ಮೇಲೊಂದು ಸೂರೂ ಎರಡು ಹೊತ್ತಿನ ಊಟವೂ ಕೊಡುವ ಸಂಸ್ಥೆಯೊಂದು ಹಿಂದೆ ಇತ್ತು. ಇದನ್ನು ಬರೆದರೆ ಅವರ ಎತ್ತರವೇನೂ ಕುಗ್ಗುವುದಿಲ್ಲ. ಬರೆಯದೆ ಹೋದರೆ ಮಾತ್ರ ಓದುವ ಹುಡುಗನಿಗೆ ಮೋಸ. ತನಗೂ ಒಂದೇ ರಾತ್ರಿಯಲ್ಲಿ ಜ್ಞಾನೋದಯ ಆಗಬೇಕು, ಆಗದಿದ್ದರೆ ತನ್ನಲ್ಲೇ ಏನೋ ಐಬು ಇದೆ ಎಂದು ಅವನು ತಿಳಿಯುತ್ತಾನೆ.

ಇನ್ನೊಂದು ಮಾತು. ಅವರು ವೈದ್ಯವೃತ್ತಿಯನ್ನು ಬಿಡಲೇ ಇಲ್ಲ. ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆಯನ್ನು ಗುರುತಿಸಿದ್ದು, 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟುಹಾಕಿ ಯಳಂದೂರು ತಾಲ್ಲೂಕಿನ ಕುಷ್ಠರೋಗದ ಬೆನ್ನು ಹತ್ತಿದ್ದು, 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡದ್ದು, ಎಲ್ಲವೂ ಕಲಿತ ವಿದ್ಯೆಯ ಮೇಲೆಯೇ ನಿಂತ ಕೆಲಸ. ಬಿಟ್ಟದ್ದು ಆ ವಿದ್ಯೆಗೆ ಪೇಟೆಯಲ್ಲಿದ್ದ ಬೆಲೆಯನ್ನು. 'ಎಲ್ಲವನ್ನೂ ತೊರೆದು' ಎಂದು ಬರೆಯುವವರಿಗೆ ಈ ವ್ಯತ್ಯಾಸ ಬೇಕಾಗಿಲ್ಲ.

ಅವರ ಕೇಂದ್ರದ ನೆರಳಲ್ಲಿ ಓದಿದ ಸೋಲಿಗ ಮಕ್ಕಳಿಗಂತೂ ಈ ಲೇಖನಗಳಲ್ಲಿ ಸ್ವಂತ ಕಥೆಯೇ ಇಲ್ಲ. ಸೋಲಿಗರಲ್ಲಿ ಡಾಕ್ಟರೇಟ್ ಪಡೆದ ಮೊದಲಿಗರೆಂದು ಹೆಸರಾದ ಸಿ. ಮಾದೇಗೌಡರ ಹೆಸರು ಬಂದರೂ ಗುರುವಿನ ಸಾಧನೆಗೊಂದು ಸಾಕ್ಷಿಯಾಗಿ ಬರುತ್ತದೆ. 2011ರಲ್ಲಿ ಬಿಳಿಗಿರಿಯ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತಲ್ಲ, ಆ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ಅವರೂ ಒಬ್ಬರು. ಪೋಡಿನ ಹುಡುಗನೊಬ್ಬ ಓದು ಮುಗಿಸಿ, ಓದಿದವರು ಹಿಡಿಯುವ ದಾರಿ ಬಿಟ್ಟು ಕಾಡಿನ ಹಕ್ಕಿನ ಕಾಗದಪತ್ರ ಹಿಡಿದು ಕೂತರೆ ಅದೂ ದಿಕ್ಕು ಬದಲಿಸಿದ್ದೇ ಅಲ್ಲವೆ? ಅದನ್ನು ಯಾಕೆ ಯಾರೂ ತ್ಯಾಗ ಎನ್ನುವುದಿಲ್ಲ?

ಇದೇ ಯಳಂದೂರು ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಹುಟ್ಟಿದ ನಾಟಕಕಾರ ಸಂಸ ಯಾವ ಕೆಲಸದಲ್ಲೂ ನೆಲೆ ನಿಲ್ಲಲಿಲ್ಲ, ಊರೂರು ಅಲೆದರು. ಬರೆದ 23 ನಾಟಕಗಳಲ್ಲಿ ಉಳಿದು ನಮ್ಮ ಕೈಸೇರಿದ್ದು ಆರೇ. 1939ರಲ್ಲಿ ಬದುಕನ್ನು ತಾವೇ ಮುಗಿಸಿಕೊಂಡರು. ಬೆಂಗಳೂರಿನಲ್ಲಿ ಬಯಲು ರಂಗಮಂದಿರಕ್ಕೆ ಅವರ ಹೆಸರಿಡುವ ತನಕ ಅವರ ಅಲೆತಕ್ಕೆ ಇದ್ದ ಹೆಸರು ಹುಚ್ಚು. ಒಂದೇ ತಾಲ್ಲೂಕು, ಎರಡು ಅಲೆತ, ಎರಡು ಹೆಸರು.

ಈ ಸೀಮೆಯ ಹಾಡುಗಾರರು ನಮ್ಮಷ್ಟು ಅವಸರದವರಲ್ಲ. ಜನವರಿಯ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸೇರುವ ಜಾತ್ರೆ ಸಿದ್ದಪ್ಪಾಜಿಯದು. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಆತ ನಿಡುಘಟ್ಟದ ಕೆಂಪಾಚಾರಿ, ಕುಲುಮೆಯ ಮನೆಯ ಹುಡುಗ. ಮಂಟೇಸ್ವಾಮಿ ಅವನನ್ನು ಶಿಷ್ಯನಾಗಿ ಕೇಳುತ್ತಾನೆ. ಹೆತ್ತವರು ಒಲ್ಲೆ ಎನ್ನುತ್ತಾರೆ. ಹುಡುಗನಿಗೂ ಮನಸ್ಸಿಲ್ಲ. ಅವನು ಒಪ್ಪುವ ತನಕ ಪಡುವ ಸಂಕಟವನ್ನು ನೀಲಗಾರರು ಚೂರೂ ಬಿಡದೆ ಹಾಡುತ್ತಾರೆ. ತಾಯಿಯ ಗೋಳಿಗೂ ಅಷ್ಟೇ ಜಾಗ. ಕೊನೆಗೆ ಒಪ್ಪಿದವನನ್ನು ಗುರು ಎಲ್ಲಿಗೆ ಕಳಿಸುತ್ತಾನೆ? ಹಲಗೂರಿಗೆ, ಅವನದೇ ಪಾಂಚಾಳರ ಹತ್ತಿರ, ಕಬ್ಬಿಣದ ಭಿಕ್ಷೆ ಬೇಡಲು. ಕುಲುಮೆ ಬಿಟ್ಟವನು ಕುಲುಮೆಯವರ ಮುಂದೆಯೇ ಕೈಯೊಡ್ಡಬೇಕು. ಅವರು ಅವನನ್ನು ಸುಮ್ಮನೆ ಬಿಡುವುದಿಲ್ಲ, ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಕಸುಬು ಬಿಟ್ಟ ಮಗ ಬೀದಿಯಲ್ಲಿ ಎದುರಾದಾಗ ಬಳಗದವರು ಎಂಥ ಮುಖ ಮಾಡುತ್ತಾರೆಂಬುದನ್ನು ಇಷ್ಟು ಬಲ್ಲ ಆಧುನಿಕ ಕಥೆ ನಮ್ಮಲ್ಲಿ ಯಾವುದಿದೆ? ನಾವು ಕಾಲೇಜಿನಲ್ಲಿದ್ದಾಗ ಈ ಹಾಡನ್ನು ಪವಾಡದ ಕಥೆ ಎಂದು ಬದಿಗಿಟ್ಟಿದ್ದೆವು. ಉರ್ದು ಶಾಲೆಯಿಂದ ಬಂದವರಿಗೆ ಕನ್ನಡವೆಂದರೆ ಅಚ್ಚಾದ ಪುಸ್ತಕ ಎಂಬ ಭ್ರಮೆ ಬೇರೆ.

ಈಗ ನಮ್ಮದೇ ತಪ್ಪಿನ ವಿಷಯಕ್ಕೆ ಬರೋಣ. ಯಳಂದೂರಿನಿಂದ ಕೊಳ್ಳೇಗಾಲ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. 1956ರ ತನಕ ಕೊಯಮತ್ತೂರು ಜಿಲ್ಲೆಯಲ್ಲಿದ್ದು ಆಮೇಲೆ ಮೈಸೂರಿನ ಕಡೆ ಮುಖ ತಿರುಗಿಸಿದ ಊರು ಅದು. ರೇಷ್ಮೆ ಅದರ ಕಸುಬು, ನೂಲು ಬಿಚ್ಚುವವರಲ್ಲಿ ನಮ್ಮವರೂ ಇದ್ದಾರೆ. 2011ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿತು. ಚೀನಾ ನೂಲಿನ ಭಯಕ್ಕೆ ಗೂಡಿನ ಬೆಲೆ ಬಿದ್ದಿತ್ತು. ಅಂಥ ದಿನಗಳಲ್ಲೇ ನಮಗೆ ಪರಿಚಯದ ಹುಡುಗನೊಬ್ಬ ಬಿ.ಕಾಂ. ಮುಗಿಸಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಎಂಟು ತಿಂಗಳಿದ್ದು, ಬಿಟ್ಟು ಬಂದು ಮಾವನ ಫಿಲೇಚರಿನಲ್ಲಿ ನಿಂತ. ಮನೆಗೆ ಬಂದವರೆಲ್ಲ ಅವನ ತಾಯಿಯನ್ನು ಕೇಳುತ್ತಿದ್ದುದು ಒಂದೇ ಮಾತು, 'ಕ್ಯಾ ಕರ್‍ರಾ ತೇರಾ ಬೇಟಾ?' ನಾವೂ ಕೇಳಿದೆವು. ಕೇಳಿ ಸುಮ್ಮನಿರದೆ ಒಂದು ಕಥೆ ಬರೆದೆವು. ಪದವೀಧರ, ಕುದಿಯುವ ನೀರು, ಸತ್ತ ಹುಳುವಿನ ವಾಸನೆ, ಸುಲಿದ ಬೆರಳು, ಗೋಡೆಯಲ್ಲಿ ತೂಗುಹಾಕಿದ ಪದವಿ ಪ್ರಮಾಣಪತ್ರದ ಗಾಜಿಗೆ ಹಬೆ. ಆ ಹಬೆಯನ್ನು ವಿಮರ್ಶಕರೊಬ್ಬರು ಮೆಚ್ಚಿದರು ಕೂಡ.

ಹುಡುಗ ಅದನ್ನು ಓದಿದ. ಒಂದು ಶುಕ್ರವಾರ ನಮಾಜ್ ಮುಗಿದ ಮೇಲೆ ಸಿಕ್ಕಿ ಹೇಳಿದ: 'ಭಾಯ್, ಕೈ ಸುಟ್ಟಿದ್ದು ನಿಜ. ಆದರೆ ನೀವು ನನ್ನ ಲೆಕ್ಕದ ಪುಸ್ತಕ ನೋಡಲೇ ಇಲ್ಲ.' ಆಮೇಲೆ ತೋರಿಸಿದ. ಯಾವ ಊರಿನ ಗೂಡಿಗೆ ರೆಂಡಿಟ ಎಷ್ಟು, ಅಂದರೆ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು, ಹರಾಜಿನಲ್ಲಿ ಎಷ್ಟಕ್ಕೆ ಕೂಗಿದರೆ ನಷ್ಟ, ಸೌದೆಗೆಷ್ಟು, ಕೂಲಿಗೆಷ್ಟು, ದಿನದಿನದ ಲೆಕ್ಕ. ಅವನ ಮಾವ ಮೂವತ್ತು ವರ್ಷ ಅಂದಾಜಿನ ಮೇಲೆ ನಡೆಸಿದ್ದನ್ನು ಇವನು ಕಾಗದಕ್ಕೆ ಇಳಿಸಿದ್ದ. ಮಾವನ ಹಳೆ ಸಾಲದ ಒಂದು ಭಾಗ ತೀರಿತ್ತು. ಬಿ.ಕಾಂ. ಗೋಡೆಯಲ್ಲಿ ತೂಗಾಡುತ್ತಿರಲಿಲ್ಲ, ಆ ಪುಸ್ತಕದೊಳಗಿತ್ತು. ನಾವು ಕಂಡದ್ದು ಬೆರಳು ಮಾತ್ರ.

ಪರಿಚಯ ಲೇಖನಕಾರರು ಎಂಟು ವರ್ಷ ನುಂಗಿದರೆ ನಾವು ಲೆಕ್ಕದ ಪುಸ್ತಕ ನುಂಗಿದೆವು. ಅವರಿಗೆ ಗೆಲುವು ಬೇಕಿತ್ತು, ನಮಗೆ ಕಣ್ಣೀರು. ಹನೂರಿನ ಕಡೆ ಮಳೆ ನಂಬಿದ ಹೊಲದ ಮನೆಯ ಹುಡುಗ ಡಿ.ಎಡ್. ಮುಗಿಸಿ, ಮಾಸ್ತರಿಕೆ ಸಿಗದೆ, ಮಹದೇಶ್ವರ ಬೆಟ್ಟದ ದಾರಿಯಲ್ಲಿ ಬಾಡಿಗೆ ಜೀಪು ಓಡಿಸುತ್ತಾನೆ ಎಂದರೆ ಸಾಕು, ನಮ್ಮಂಥವರ ಪೆನ್ನಿನಲ್ಲಿ ವ್ಯವಸ್ಥೆಯ ಕ್ರೌರ್ಯ ಎಂಬ ವಾಕ್ಯ ತಾನೇ ಹರಿದುಬರುತ್ತದೆ. ಕ್ರೌರ್ಯ ಇಲ್ಲ ಎನ್ನುತ್ತಿಲ್ಲ. ಕೆಲಸವಿಲ್ಲದೆ ದಾರಿ ಬದಲಿಸುವುದೂ ಕೆಲಸವಿದ್ದು ಬದಲಿಸುವುದೂ ಒಂದೇ ಅಲ್ಲ, ಅದನ್ನು ಮರೆತು ಯಾರೂ ಬರೆಯಬಾರದು. ಆದರೆ ಜೀಪಿನ ಕಂತು ಎಷ್ಟು, ಹತ್ತುವ ದಾರಿಯಲ್ಲಿ ಅವನು ಯಾತ್ರಿಕರಿಗೆ ಏನು ಹೇಳುತ್ತಾನೆ, ಪಾಠ ಮಾಡುವ ಆಸೆ ಇನ್ನೂ ಇದೆಯೆ ಎಂದು ಕೇಳಿ ತಿಳಿದು ಬರೆದ ಒಂದು ಕಥೆಯನ್ನೂ ನಾವು ಓದಿಲ್ಲ, ಬರೆದೂ ಇಲ್ಲ. ತೇಜಸ್ವಿ ಎಂ.ಎ. ಮುಗಿಸಿ ಮೂಡಿಗೆರೆಯ ತೋಟಕ್ಕೆ ಹೋದದ್ದನ್ನು ಕನ್ನಡ ಓದುಗರು ಇಂದಿಗೂ ಬೆರಗಿನಿಂದ ನೆನೆಯುತ್ತಾರೆ. ಕುವೆಂಪು ಅವರ ಮಗ ಅಧ್ಯಾಪಕನಾಗದೆ ಬೇಸಾಯಗಾರನಾದರೆ ಅದು ಸ್ವಾತಂತ್ರ್ಯ, ರೀಲರನ ಸೋದರಳಿಯ ಫಿಲೇಚರಿಗೆ ಮರಳಿದರೆ ಅದು ಸೋಲು. ಹೀಗೆ ಓದಲು ನಮಗೆ ಕಲಿಸಿದವರಾರು?

ಇವರೆಲ್ಲ ಗಂಡುಮಕ್ಕಳೇ ಎಂಬುದು ಇಷ್ಟು ಬರೆದ ಮೇಲೆ ನಮಗೆ ಹೊಳೆಯಿತು. ಆ ಹುಡುಗನ ತಂಗಿ ಬಿ.ಎಸ್ಸಿ. ಮುಗಿಸಿ, ಮನೆಯವರು ಸೇರಿಸಿದ ಬಿ.ಎಡ್. ಅನ್ನು ನಡುವೆಯೇ ಬಿಟ್ಟು, ನೂಲಿನ ಬಣ್ಣಗಾರಿಕೆ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳಂತೆ. ತಾಯಿ ನಿಕಾಹದ ಮಾತೆತ್ತಿದ್ದಾರೆ. ಮಾವ ಮಾತಾಡುತ್ತಿಲ್ಲ. 'ನೀವು ಬಂದು ಅಮ್ಮೀಜಾನ್ ಹತ್ತಿರ ಕೂತು ಮಾತಾಡಿ ಭಾಯ್, ನಿಮ್ಮ ಮಾತಿಗೆ ಬೆಲೆ ಇದೆ' ಎಂದು ಫೋನ್ ಮಾಡಿದ್ದ. ಬರುವ ಭಾನುವಾರ ಕೊಳ್ಳೇಗಾಲಕ್ಕೆ ಹೊರಟಿದ್ದೇವೆ. ಬಣ್ಣ ಹಾಕುವ ಕೆಲಸಕ್ಕೆ ಎಷ್ಟು ಬಂಡವಾಳ ಬೇಕು, ಕಲಿಸುವವರು ಯಾರಿದ್ದಾರೆ, ಎಷ್ಟು ತಿಂಗಳು ಬೇಕು ಎಂದು ಆ ಹುಡುಗಿಯನ್ನೇ ಮೊದಲು ಕೇಳಬೇಕೆಂದಿದ್ದೇವೆ. ಫೋನ್ ಇಡುವ ಮುಂಚೆ ಅವನು ಇನ್ನೊಂದು ಮಾತು ಸೇರಿಸಿದ: 'ಕಥೆ ಮಾತ್ರ ಈಗಲೇ ಬರೆಯಬೇಡಿ.'